ಮಗಳು ಹತ್ತನೇ ಗ್ರೇಡಿನಲ್ಲಿದ್ದಾಳೆ. ಅಮೆರಿಕದ ಕಾಲೇಜು ಅರ್ಜಿಗೆ ತಯಾರಿ ಎಲ್ಲಿಂದ ಶುರು ಮಾಡಬೇಕು?

ನೀವಿಬ್ಬರೂ ಓದಿದ್ದು ಭಾರತದಲ್ಲಿ, ಇಲ್ಲಿನ ಅಡ್ಮಿಷನ್ ರೀತಿ ಗೊತ್ತಿಲ್ಲ, ಮಗಳಿಗೆ ಈಗಿನಿಂದ ಏನು ಮಾಡಿಸಬೇಕು ಅಂತ ಕೇಳಿದ್ದೀರಿ. ನಮ್ಮ ಇಬ್ಬರು ಮಕ್ಕಳೂ ಇದನ್ನು ದಾಟಿ ಹೋಗಿದ್ದಾರೆ. ಆಮೇಲಿನಿಂದ ಹತ್ತಿರದ ಹೈಸ್ಕೂಲಿನಲ್ಲಿ ಹನ್ನೆರಡನೇ ಗ್ರೇಡಿನ ಮಕ್ಕಳ ಜೊತೆ ಕೂತು ಅವರ ಅರ್ಜಿ ಓದಿಕೊಡುತ್ತಿದ್ದೇನೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಎಸ್‌ಎಟಿ ಪ್ರವೇಶ ಪರೀಕ್ಷೆ, ಎಪಿ ಅನ್ನುವ ಕಾಲೇಜು ಮಟ್ಟದ ಕೋರ್ಸು, ಕ್ಲಬ್ಬು ಎಲ್ಲಕ್ಕಿಂತ ಮೊದಲು ದುಡ್ಡಿನ ಮಾತಾಡಿ. ಅದೂ ಮಗಳನ್ನು ಎದುರಿಗೆ ಕೂರಿಸಿಕೊಂಡು. ನಮ್ಮ ಮಗನ ಹೊತ್ತಿನಲ್ಲಿ ನಾವು ಅದನ್ನು ಕೊನೆಗೆ ಉಳಿಸಿಕೊಂಡೆವು. ಮಾರ್ಚ್ ಕೊನೆಗೆ ಅವನು ತುಂಬಾ ಆಸೆಪಟ್ಟಿದ್ದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮನೆಯೆಲ್ಲ ಹಬ್ಬ. ಎರಡು ದಿನ ಬಿಟ್ಟು ಹಣಕಾಸಿನ ನೆರವಿನ ಪತ್ರ ಬಂತು. ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ನಾನೂ ನನ್ನ ಹೆಂಡತಿಯೂ ಕೂಡಿ ಕಳೆದು ನೋಡಿದೆವು. ಯಾವ ಕಡೆಯಿಂದ ಕೂಡಿಸಿದರೂ ಹೊಂದಲಿಲ್ಲ. ಅವನು ಲೆಕ್ಕದ ಕಡೆ ನೋಡಲೇ ಇಲ್ಲ, ನಮ್ಮ ಮುಖ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ "ಹೋಗಲಿ ಬಿಡಪ್ಪ" ಅಂದ. ಆ ಮಾತು ಅವನ ಬಾಯಿಂದ ಬರುವ ಹಾಗೆ ಮಾಡಿದ್ದು ನಮ್ಮ ಮೌನ. ಎರಡು ವರ್ಷ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಅವನ ಪಟ್ಟಿಯೇ ಬೇರೆ ಇರುತ್ತಿತ್ತು.

ಇದಕ್ಕೆ ಪರಿಕರ ಇದೆ. ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳೆಲ್ಲ ತಮ್ಮ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡಲೇಬೇಕು, 2011ರಿಂದ ಅದು ಕಾನೂನು. ನಿಮ್ಮ ಆದಾಯ, ಉಳಿತಾಯ ತುಂಬಿದರೆ ನಿಮ್ಮಂಥ ಮನೆಯವರ ಕೈಯಿಂದ ವರ್ಷಕ್ಕೆ ಎಷ್ಟು ಹೋಗಬಹುದು ಅನ್ನುವ ಅಂದಾಜು ಸಿಗುತ್ತದೆ. ಮೂರು ನಾಲ್ಕು ಕಾಲೇಜುಗಳಿಗೆ ಹಾಕಿ ನೋಡಿ. ಹೊರಗೆ ಹೇಳುವ ಫೀಸಿಗೂ ಈ ಅಂದಾಜಿಗೂ ಕೆಲವು ಕಡೆ ಅಜಗಜಾಂತರ.

ಇನ್ನೊಂದು ವಿಷಯ ಬಹಳ ಜನಕ್ಕೆ ತಡವಾಗಿ ತಿಳಿಯುತ್ತದೆ. ಹನ್ನೆರಡನೇ ಗ್ರೇಡಿನಲ್ಲಿ ತುಂಬುವ ಫಾಫ್ಸಾ, ಅಂದರೆ ಸರ್ಕಾರದ ನೆರವು ಕೇಳುವ ಅರ್ಜಿ, ಹಿಂದಿನ ತೆರಿಗೆ ವರ್ಷದ ಲೆಕ್ಕ ಕೇಳುತ್ತದೆ. ಮಗಳು 2028ರಲ್ಲಿ ಕಾಲೇಜು ಸೇರುವುದಾದರೆ ನೋಡುವುದು 2026ರ ಆದಾಯ. ಅಂದರೆ ಹತ್ತನೇ ಗ್ರೇಡಿನ ಜನವರಿಯಿಂದಲೇ ಲೆಕ್ಕ ಶುರು. ಇನ್ನು ವೀಸಾ. ನೀವು ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದು ಮಗಳದ್ದು ಅದನ್ನು ಅವಲಂಬಿಸಿದ ಎಚ್-4 ಆಗಿದ್ದರೆ ಕೇಂದ್ರ ಸರ್ಕಾರದ ನೆರವು ಅವಳಿಗೆ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಸಿಗುತ್ತದೆ. ಎಚ್-4 ಮಕ್ಕಳಿಗೆ 21 ತುಂಬಿದಾಗ ಆ ವೀಸಾವೂ ಮುಗಿಯುತ್ತದೆ. ಇದೆಲ್ಲ ಅವಳಿಗೂ ಗೊತ್ತಿರಲಿ. ಪಟ್ಟಿಗೆ ಸೇರಿಸುವ ಪ್ರತಿ ಕಾಲೇಜಿನ ನೆರವಿನ ವಿಭಾಗಕ್ಕೆ ಅವಳೇ ಇಮೇಲ್ ಬರೆದು, ತನ್ನ ವೀಸಾದವರನ್ನು ಯಾವ ಲೆಕ್ಕದಲ್ಲಿ ಹಿಡಿಯುತ್ತೀರಿ ಅಂತ ಕೇಳಲಿ.

ದುಡ್ಡು, ಕಾಗದಪತ್ರ ನಿಮ್ಮ ಪಾಲಿನ ಕೆಲಸ. ಉಳಿದದ್ದು ಅವಳದ್ದು. ಇಲ್ಲಿ ಅಪ್ಪ ಅಮ್ಮಂದಿರಿಗೆ ಕೈ ಕಟ್ಟಿಕೊಂಡು ಕೂರುವುದು ಕಷ್ಟ, ನನಗೂ ಆಗಿತ್ತು.

ಕಾಮನ್ ಆ್ಯಪ್ ಅನ್ನುವ, ಹಲವು ಕಾಲೇಜುಗಳಿಗೆ ಒಂದೇ ಆದ ಅರ್ಜಿಯಲ್ಲಿ ಶಾಲೆಯ ಆಚೆ ಏನು ಮಾಡಿದಿರಿ ಅಂತ ಬರೆಯಲು ಹತ್ತು ಸಾಲು ಕೊಡುತ್ತಾರೆ. ಪ್ರತಿ ವಿವರಣೆಗೂ 150 ಅಕ್ಷರ, ಖಾಲಿ ಜಾಗವೂ ಸೇರಿ. ಒಬ್ಬಳು ಹುಡುಗಿ ಮೂರೇ ತುಂಬಿ "ನಾನು ಏನೂ ಮಾಡಿಲ್ಲ ಅಂಕಲ್" ಅಂದಳು. ಮಾತಿನ ಮಧ್ಯೆ ಗಡಿಯಾರ ನೋಡುತ್ತಿದ್ದಳು. ಯಾಕಮ್ಮ ಅಂದರೆ, ತಮ್ಮಂದಿರನ್ನು ಶಾಲೆಯಿಂದ ಕರೆತರಬೇಕು ಅಂದಳು. ಎಷ್ಟು ದಿನದಿಂದ? ಒಂಬತ್ತನೇ ಗ್ರೇಡಿನಿಂದ, ದಿನಾ. ಅದನ್ನು ಬರೆ ಅಂದೆ. ಮೊದಲು "ಮನೆಯವರಿಗೆ ಸಹಾಯ ಮಾಡುತ್ತೇನೆ" ಅಂತ ಬರೆದಳು. ಸಹಾಯ ಅಂದರೆ ಏನೇನು ಅಂತ ಕೇಳಿ ಕೇಳಿ ಅರ್ಧ ಗಂಟೆಯಾದ ಮೇಲೆ ಸಾಲು ಹೀಗಾಯಿತು: ಮೂರಕ್ಕೆ ಇಬ್ಬರು ತಮ್ಮಂದಿರನ್ನು ಕರೆತಂದು, ಊಟ ಬಿಸಿ ಮಾಡಿ ಬಡಿಸಿ, ಲೆಕ್ಕ ಹೇಳಿಕೊಟ್ಟು, ಅಮ್ಮ ಬರುವ ಏಳರವರೆಗೆ ನೋಡಿಕೊಳ್ಳುತ್ತೇನೆ. ಅರ್ಜಿಯಲ್ಲೇ ಕುಟುಂಬದ ಜವಾಬ್ದಾರಿ ಅನ್ನುವ ವಿಭಾಗ ಇದೆ, ಅವಳಿಗೆ ಗೊತ್ತಿರಲಿಲ್ಲ.

ಅದಕ್ಕೇ ನಿಮ್ಮ ಮಗಳಿಗೆ ಈಗಲೇ ಒಂದು ನೋಟ್‌ಬುಕ್ ಕೊಡಿ. ವಾರಕ್ಕೊಮ್ಮೆ ಹತ್ತು ನಿಮಿಷ, ಏನು ಮಾಡಿದೆ, ಎಲ್ಲಿ ತಡವರಿಸಿದೆ, ಯಾವುದರಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ ಅಂತ ಗೀಚಿಕೊಳ್ಳಲಿ. ಕಾಮನ್ ಆ್ಯಪ್ ಪ್ರಬಂಧಕ್ಕೆ 650 ಪದದ ಮಿತಿ. ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕಾಲೇಜುಗಳು ಎಂಟು ಪ್ರಶ್ನೆ ಕೊಟ್ಟು ನಾಲ್ಕಕ್ಕೆ ಉತ್ತರ ಕೇಳುತ್ತವೆ, ತಲಾ 350 ಪದ. ನೆನಪು ಬತ್ತಿದ ಮಕ್ಕಳು ಆಗ ಇಂಟರ್ನೆಟ್ಟಿನಲ್ಲಿ ಮಾದರಿ ಹುಡುಕುತ್ತಾರೆ. ಅಂಥದ್ದನ್ನು ಓದುತ್ತಿದ್ದ ಹಾಗೇ ಗೊತ್ತಾಗುತ್ತದೆ.

ಪಾಠಗಳ ವಿಷಯ: ಕಷ್ಟದ ಕೋರ್ಸು ತೆಗೆದುಕೊಳ್ಳಲಿ, ಆದರೆ ನಿದ್ದೆ ಕೆಡಿಸಿಕೊಂಡು ಎಪಿ ಎಣಿಕೆ ಏರಿಸುವುದು ಬೇಡ. ಯಾವ ಕಾಲೇಜು ಯಾವುದಕ್ಕೆ ತೂಕ ಕೊಡುತ್ತದೆ ಅಂತ ಊಹಿಸಬೇಕಿಲ್ಲ. ಕಾಲೇಜಿನ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಅಂತ ಹುಡುಕಿ, ಸಿ7 ಅನ್ನುವ ಕೋಷ್ಟಕ ನೋಡಿ. ಅಂಕ, ಪರೀಕ್ಷೆ, ಪ್ರಬಂಧ ಒಂದೊಂದಕ್ಕೂ ಎಷ್ಟು ಮಹತ್ವ ಅಂತ ಕಾಲೇಜೇ ಗುರುತು ಹಾಕಿರುತ್ತದೆ. ಎಸ್‌ಎಟಿ ಬೇಕೇ ಬೇಡವೇ ಅನ್ನುವುದೂ ಕಾಲೇಜಿನ ಮೇಲೆ. ಯುಸಿಯವರು ಅದನ್ನು ನೋಡುವುದೇ ಇಲ್ಲ. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, ಹಾರ್ವರ್ಡ್, ಡಾರ್ಟ್‌ಮತ್ 2024ರಲ್ಲಿ ಅದೇ ದಾರಿ ಹಿಡಿದವು. ಹನ್ನೊಂದನೇ ಗ್ರೇಡಿನಲ್ಲಿ ಬರೆದರೆ ಸಾಕು. ಶಿಫಾರಸು ಪತ್ರವನ್ನು ಅದೇ ವರ್ಷ ಬೇಸಿಗೆ ರಜೆಗೆ ಮುಂಚೆ ಟೀಚರನ್ನು ಕಂಡು ಅವಳೇ ಕೇಳಲಿ.

ಅರ್ಲಿ ಡಿಸಿಷನ್ ಅಂತ ಒಂದಿದೆ, ಒಂದೇ ಕಾಲೇಜಿಗೆ ಮುಂಚೆಯೇ ಹಾಕುವ ಅರ್ಜಿ, ಸಾಮಾನ್ಯವಾಗಿ ನವೆಂಬರ್ 1ರ ಸುಮಾರಿಗೆ ಕೊನೆಯ ದಿನ. ಸಿಕ್ಕರೆ ಅಲ್ಲಿಗೇ ಹೋಗುತ್ತೇನೆ ಅಂತ ಮಾತು ಕೊಟ್ಟ ಹಾಗೆ. ನಾಲ್ಕು ಕಡೆಯ ನೆರವು ಹೋಲಿಸಿ ನೋಡಬೇಕಾದ ಮನೆಯವರಿಗೆ ನಾನು ಅದನ್ನು ಮಾಡಿ ಅನ್ನುವುದಿಲ್ಲ.

ಈ ಶನಿವಾರ ಕ್ಯಾಲ್ಕುಲೇಟರ್ ತೆರೆದು ಮಗಳ ಜೊತೆ ಕೂತುಕೊಳ್ಳಿ, ನಿಮ್ಮ ಸಂಬಳ ಎಷ್ಟು ಅಂತ ಅವಳಿಗೆ ಹೇಳಿ. ನೋಟ್‌ಬುಕ್ಕನ್ನು ಮಾತ್ರ ಅವಳು ತೋರಿಸುವ ತನಕ ತೆರೆಯಬೇಡಿ.