ಪಾರ್ಟ್ರಿಡ್ಜ್ ಆಂಡ್ ಆರೆಂಜ್: ಹ್ಯಾಕಲ್ ದಪ್ಪ ಆಗುತ್ತಿದ್ದರೆ

ಟ್ರೌಟ್ ಮೀನು ಹಿಡಿಯಲು ಪಾರ್ಟ್ರಿಡ್ಜ್ ಆಂಡ್ ಆರೆಂಜ್ ಅನ್ನೋ ಫ್ಲೈ (ಗಾಳಕ್ಕೆ ದಾರ, ಗರಿ ಸುತ್ತಿ ಮಾಡುವ ನಕಲಿ ಹುಳು) ಕಟ್ಟಿದರೆ ಹ್ಯಾಕಲ್, ಅಂದರೆ ತಲೆಯ ಹತ್ತಿರ ಸುತ್ತುವ ಪಾರ್ಟ್ರಿಡ್ಜ್ ಹಕ್ಕಿಯ ಗರಿ, ಪೊರಕೆ ತರಹ ಆಗುತ್ತದೆ, ನೀರಿನಲ್ಲಿ ಅಲುಗಾಡುವುದೇ ಇಲ್ಲ ಅಂದಿರಿ. ಎಷ್ಟು ಸುತ್ತು ಹಾಕುತ್ತಿದ್ದೀರಿ? ನಾಲ್ಕೈದು ಇರಬೇಕು ಅಂತ ನನ್ನ ಗುಮಾನಿ. ಒಂದೂವರೆ ಸಾಕು, ಜಾಸ್ತಿ ಅಂದರೆ ಎರಡು. ಇದು ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯ ಹರಿಯುವ ಹೊಳೆಗಳ ಫ್ಲೈ, ಇಂಥ ಫ್ಲೈಗೆ ಅಲ್ಲಿಯವರು ಸ್ಪೈಡರ್ ಅನ್ನುತ್ತಾರೆ, ಕಟ್ಟಿ ಮುಗಿಸಿದಾಗ ಇಷ್ಟೇನಾ ಅನ್ನಿಸುವಷ್ಟು ತೆಳ್ಳಗಿರಬೇಕು.

ಗರಿಯ ಬುಡದ ತುಪ್ಪಳ ಕಿತ್ತುಹಾಕಿ. ಆಮೇಲೆ ಒಂದು ಪಕ್ಕದ ಎಳೆಗಳನ್ನೆಲ್ಲ ಸುಲಿದುಬಿಡಿ, ಅರ್ಧ ದಪ್ಪ ಅಲ್ಲೇ ಹೋಗುತ್ತದೆ. ತುದಿಯಿಂದ ಕಟ್ಟಿ ಸುತ್ತಿ, ಅಲ್ಲಿ ದಂಟು ಸಣ್ಣಗಿರುತ್ತದೆ, ಆದರೆ ಜೋರಾಗಿ ಎಳೆದರೆ ಪಟ್ಟಂತ ತುಂಡಾಗುತ್ತದೆ, ಹುಷಾರು. ಎಳೆಗಳ ತುದಿ ಗಾಳದ ಬಾಗು ದಾಟಿ ಸ್ವಲ್ಪವೇ ಹಿಂದಕ್ಕೆ ಹೋದರೆ ಸಾಕು, ಅದಕ್ಕೇ 14ನೇ ನಂಬರಿನ ಸಣ್ಣ ಗಾಳಕ್ಕೆ ಹೊಂದುವ ಚಿಕ್ಕ ಗರಿ ಹುಡುಕುವುದೇ ಅರ್ಧ ಕೆಲಸ.

ಮೈಗೆ ಕಿತ್ತಳೆ ರೇಷ್ಮೆ ದಾರ ಮಾತ್ರ, ಒತ್ತೊತ್ತಾಗಿ, ತೆಳ್ಳಗೆ. ಒದ್ದೆಯಾದರೆ ಬಣ್ಣ ಗಾಢವಾಗುತ್ತದೆ, ಗಾಬರಿ ಬೇಡ, ಅದು ಹಾಗೇ ಇರಬೇಕು.

ಇನ್ನೊಂದು. ಸೆಳವು ಜೋರಿದ್ದರೆ ಎಳೆಗಳು ಮೈಗೆ ಅಂಟಿಕೊಳ್ಳುತ್ತವೆ. ಹ್ಯಾಕಲ್ ಹಿಂದೆ ಒಂದು ಚಿಟಿಕೆ ಮೊಲದ ತುಪ್ಪಳ ಸುತ್ತಿ, ಅದು ಎಳೆಗಳನ್ನು ಎತ್ತಿ ಹಿಡಿಯುತ್ತದೆ. ಹಳೇ ಪದ್ಧತಿಯವರು ಇದು ಅಸಲಿ ಫ್ಲೈ ಅಲ್ಲ ಅಂತ ಮೂಗು ಮುರಿಯಬಹುದು, ಸುಮ್ನೆ ಬಿಡಿ, ಟ್ರೌಟ್ ಕೇಳುವುದಿಲ್ಲ ಅಲ್ವಾ. ಮೊದಲು ಒಂದು ಲೋಟ ನೀರಿನಲ್ಲಿ ಅದ್ದಿ ಆಡಿಸಿ ನೋಡಿ.