ನೀಲಗಿರಿಯ ತವರಿನಲ್ಲಿ ಸಸಿ ಬೆಳೆಸುವವರು

ಕೋಲಾರದಿಂದ ಪಶ್ಚಿಮ ಸಿಡ್ನಿಗೆ ಈಗಷ್ಟೇ ಬಂದಿರುವ ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ: ಇಲ್ಲಿನ ಮೂಲನಿವಾಸಿಗಳು ನಡೆಸುವ ನರ್ಸರಿಗಳಲ್ಲಿ ನಮ್ಮಂಥವರಿಗೆ ಕೆಲಸ ಸಿಗುತ್ತದೆಯೇ, ಮತ್ತು ಅಂತರ್ಜಲ ಹೀರುತ್ತದೆಂದು ನಮ್ಮಲ್ಲಿ ಕಿತ್ತೊಗೆಯುವ ನೀಲಗಿರಿಯನ್ನು ಇವರು ನೆಲದ ಪುನಶ್ಚೇತನಕ್ಕೆಂದು ಬೆಳೆಸುವುದೇಕೆ? ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ.

ನಮ್ಮಲ್ಲಿ 'ಮೈಸೂರು ಗಮ್' ಎಂದು ಹೆಸರಾಗಿ, ಟಿಪ್ಪುವಿನ ಕಾಲದ ನಂದಿಬೆಟ್ಟದ ತೋಟದಿಂದ ಹರಡಿತೆಂದು ಹೇಳಲಾಗುವ ತಳಿಯ ಮುಖ್ಯ ಮೂಲ ಯೂಕಲಿಪ್ಟಸ್ ಟೆರೆಟಿಕಾರ್ನಿಸ್. ನೀವು ಮನೆ ಮಾಡಿರುವ ಕಂಬರ್ಲೆಂಡ್ ಬಯಲಿನ ಜೇಡಿಮಣ್ಣಿನಲ್ಲಿ ಅದು ಹುಟ್ಟಾ ನಿವಾಸಿ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಸಾಲುಸಾಲಾಗಿ ಒತ್ತೊತ್ತಾಗಿ ನೆಟ್ಟು, ಕೆಲವೇ ವರ್ಷಕ್ಕೊಮ್ಮೆ ಕಡಿದು ಮಾರುವ ನೆಡುತೋಪುಗಳನ್ನು ನೋಡಿ. ಇಲ್ಲಿಯಾದರೋ ಅದು ಗ್ರೇ ಬಾಕ್ಸ್ ಮರಗಳ ಜೊತೆ ವಿರಳವಾಗಿ ನಿಂತು, ಕೆಳಗೆ ಬರ್ಸೇರಿಯಾ ಮುಳ್ಳುಪೊದೆಗೂ ಕಾಂಗರೂ ಹುಲ್ಲಿಗೂ ಬಿಸಿಲು ಬಿಟ್ಟುಕೊಡುತ್ತದೆ. ಒಂದು ಕಾಲಕ್ಕೆ ಲಕ್ಷ ಹೆಕ್ಟೇರಿಗೂ ಮೀರಿ ಹರಡಿದ್ದ ಈ ಕಾಡಿನಲ್ಲಿ ಉಳಿದಿರುವುದು ಸಣ್ಣ ಪಾಲು ಮಾತ್ರ, ಅದೂ ತುಂಡುತುಂಡಾಗಿ. 2009ರಿಂದ ಅದು ಆಸ್ಟ್ರೇಲಿಯಾದ ಒಕ್ಕೂಟ ಸರ್ಕಾರದ ತೀವ್ರ ಅಪಾಯದಂಚಿನ ಪಟ್ಟಿಯಲ್ಲಿದೆ. ಅದನ್ನು ತಿಂದವುಗಳಲ್ಲಿ ನಮ್ಮ ಹೊಸ ಬಡಾವಣೆಗಳೂ ಸೇರಿವೆಯೆಂಬುದನ್ನು ನಾವು ಮರೆಯದಿದ್ದರೆ ಒಳ್ಳೆಯದು.

ಪಶ್ಚಿಮ ಸಿಡ್ನಿಯ ಮೂಲನಿವಾಸಿಗಳಾದ ಧರುಗ್ ಜನರ ನೆಲದಲ್ಲಿ 1998ರಲ್ಲಿ ಆರಂಭವಾದ ಮುರು ಮಿಟಿಗರ್ ಸಂಸ್ಥೆ ಇಂಥ ಕಾಡಿಗೆ ಬೇಕಾದ ಸಸಿಗಳನ್ನು ಬೆಳೆಸುವ ಕೆಲಸಕ್ಕೆ ಇಳಿಯಿತು. ಕಡಲ ಕಡೆಯ ಲಾ ಪೆರೂಸ್‌ನಲ್ಲಿ ಇಂಡಿಜಿಗ್ರೋ ಎಂಬ ಮೂಲನಿವಾಸಿಗಳದೇ ನರ್ಸರಿ, ಮರಳು ನೆಲದ ಬ್ಯಾಂಕ್ಸಿಯಾ ಕುರುಚಲು ಕಾಡಿನ ಗಿಡಗಳನ್ನೂ ಆಹಾರಕ್ಕೊದಗುವ ದೇಸಿ ಗಿಡಗಳನ್ನೂ ಬೆಳೆಸುತ್ತದೆ. ಆ ಕಾಡು ಉಳಿದಿರುವುದು ಶೇಕಡಾ 3ಕ್ಕೂ ಕಡಿಮೆ. ಇಂಥ ಕಡೆ ಬೀಜದ ಊರು ಯಾವುದೆಂಬುದೇ ದೊಡ್ಡ ವಿಚಾರ. ಜಾತಿ ಒಂದೇ ಆದರೂ ದೂರದ ಬೀಜ ಸಲ್ಲದು. ಹತ್ತಿರದ ಕಾಡಿನ ಹಲವು ಮರಗಳಿಂದ, ಪರವಾನಗಿ ಪಡೆದು, ಪ್ರತಿ ಮರದಲ್ಲೂ ಸಾಕಷ್ಟು ಉಳಿಸಿ ಬೀಜ ತರುತ್ತಾರೆ. ಬ್ಯಾಂಕ್ಸಿಯಾದ ಗಟ್ಟಿ ಕಾಯಿಗಳಿಗೆ ಕಾವು ಕೊಟ್ಟರೆ ಬಾಯಿ ಬಿಡುತ್ತವೆ, ವಾಟಲ್ (ಅಕೇಶಿಯಾ) ಬೀಜಕ್ಕೆ ಕುದಿನೀರು ಬೇಕು, ಇನ್ನು ಕೆಲವಕ್ಕೆ ಹೊಗೆ ತಾಗದೆ ಮೊಳಕೆಯೇ ಬಾರದು, ಏಕೆಂದರೆ ಈ ಸಸ್ಯಗಳು ಬೆಂಕಿಯ ಜೊತೆಗೇ ಬೆಳೆದು ಬಂದವು. ಆ ಬೆಂಕಿಯನ್ನು ಹದವರಿತು ಹಚ್ಚುತ್ತಿದ್ದವರ ವಂಶಸ್ಥರೇ ಇಂದು ಸಸಿ ಬೆಳೆಸುತ್ತಿರುವುದರಿಂದ, ಅವರ ಮಾತಿಗೆ ಕೃಷಿ ಪದವೀಧರರಾದ ನೀವು ನಿಮ್ಮ ಪಠ್ಯಕ್ಕಿಂತ ಹೆಚ್ಚಿನ ತೂಕ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಕೆಲಸದ ವಿಚಾರ. ಇಂಥ ಸಂಸ್ಥೆಗಳ ಮುಖ್ಯ ಉದ್ದೇಶವೇ ತಮ್ಮ ಯುವಜನರಿಗೆ ತರಬೇತಿ ಮತ್ತು ಸಂಬಳದ ಕೆಲಸ ಒದಗಿಸುವುದು, ಆದ್ದರಿಂದ ಅಲ್ಲಿನ ಹುದ್ದೆಗೆ ಕಣ್ಣು ಹಾಕಬೇಡಿ. ಗಿರಾಕಿಯಾಗಿ ಹೋಗಿ, ನಿಮ್ಮ ಹಿತ್ತಲಿಗೆ ಅವರ ಸಸಿಗಳನ್ನೇ ಕೊಳ್ಳಿ. ನಿಮ್ಮ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಬುಷ್‌ಕೇರ್ ಎಂಬ, ಕಾಡು ನೋಡಿಕೊಳ್ಳುವ ಸ್ವಯಂಸೇವಕರ ತಂಡ ಸೇರಿದರೆ ಆಫ್ರಿಕನ್ ಆಲಿವ್ ಮತ್ತು ನಮಗೆ ಚೆನ್ನಾಗಿ ಪರಿಚಯವಿರುವ ಲಂಟಾನಾ ಕಳೆಗಳನ್ನು ಕೀಳುವ ಕೆಲಸ ಬೇಕಾದಷ್ಟಿದೆ. ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಮಾತ್ರ ಯಾವ ಬೀಜವನ್ನೂ ತರಿಸಬೇಡಿ. ಘೋಷಿಸದೆ ತಂದರೆ ವಿಮಾನ ನಿಲ್ದಾಣದಲ್ಲೇ ಭಾರಿ ದಂಡ ಬೀಳಬಹುದು.