ಹಾಲು, ಮೊಟ್ಟೆ, ಶೇಂಗಾ ಇಲ್ದೆ ಮಗಳ ಬರ್ತ್‌ಡೇ ಮಾಡ್ಬೋದಾ?

ಪ್ರಶ್ನೆ: ಅಕ್ಕಾ ನಮಸ್ತೆ, ನನ್ನ ಮಗಳಿಗೆ ಮುಂದಿನ ತಿಂಗಳು ನಾಲ್ಕು ವರ್ಷ ತುಂಬತ್ತೆ, ಮನೇಲೇ ಬರ್ತ್‌ಡೇ ಮಾಡೋಣ ಅಂತಿದೀವಿ, ಒಂದಿಪ್ಪತ್ತು ಮಕ್ಕಳು ಬರ್ಬೋದು. ಅವಳ ಕ್ಲಾಸಿನ ಒಬ್ಬ ಹುಡುಗನಿಗೆ ಹಾಲು, ಮೊಟ್ಟೆ ಎರಡೂ ಅಲರ್ಜಿ, ಇನ್ನೊಂದು ಹುಡುಗಿಗೆ ಶೇಂಗಾ ಆಗಲ್ಲ. ಎಗ್‌ಲೆಸ್ ಕೇಕ್ ತಂದ್ರೆ ಸಾಕಾ? ಇವರಿಬ್ಬರಿಗೆ ಬೇರೆ ತಟ್ಟೆ ಮಾಡ್ಲಾ, ಇಲ್ಲಾ ಮನೆಯಿಂದಲೇ ತಂದ್ಬಿಡಿ ಅಂತ ಅವರಮ್ಮಂದಿರಿಗೆ ಹೇಳ್ಲಾ? ಚಿಪ್ಸು, ಕೋಲಾ ಕೊಡೋಕೂ ಇಷ್ಟ ಇಲ್ಲ. ನಮ್ಮತ್ತೆ "ಒಂದು ಚೂರು ತಿಂದ್ರೆ ಏನಾಗತ್ತೆ ಬಿಡು" ಅಂತಾರೆ.
– ಓದುಗಿ, ದಾವಣಗೆರೆ

ಉತ್ತರ: ಬೇರೆ ತಟ್ಟೆ ಬೇಡಮ್ಮ. ನಾಲ್ಕು ವರ್ಷದ ಮಗು ಪಕ್ಕದವರ ತಟ್ಟೆಗೆ ಕೈ ಹಾಕೇ ಹಾಕತ್ತೆ, ಎಂಜಲು ಸ್ಪೂನು ಅದಲುಬದಲಾಗತ್ತೆ, ಅಷ್ಟೂ ಮಕ್ಕಳನ್ನ ಕಾಯೋಕೆ ಯಾರ ಕೈಲೂ ಆಗಲ್ಲ. ಅದಕ್ಕಿಂತ ಮನೇಲಿ ಅವತ್ತು ಮಾಡೋದೆಲ್ಲಾ ಇಪ್ಪತ್ತೂ ಮಕ್ಕಳು ತಿನ್ನೋ ಹಾಗಿರ್ಲಿ, ಆ ಹುಡುಗ ಕೇಕ್ ಕಟ್ ಮಾಡೋವಾಗ ಮೂಲೇಲಿ ತನ್ನ ಡಬ್ಬಿ ಹಿಡ್ಕೊಂಡು ಕೂರೋ ಹಾಗಾಗ್ಬಾರ್ದು.

ಎಗ್‌ಲೆಸ್ ಕೇಕ್ ಸಾಕಾಗಲ್ಲ. ಮೊಟ್ಟೆ ಬದಲು ಅದಕ್ಕೆ ಸಾಮಾನ್ಯವಾಗಿ ಮಿಲ್ಕ್‌ಮೇಡ್, ಮೊಸರು, ಹಾಲಿನ ಪುಡಿ ಇವೇ ಬಿದ್ದಿರತ್ತೆ, ಅಂದ್ರೆ ಆ ಹುಡುಗನಿಗೆ ಎರಡರಲ್ಲಿ ಒಂದು ಅಪಾಯ ಹಾಗೇ ಉಳೀತು. ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿ ಸಮಾಧಾನ ಪಡ್ಬೇಡಿ, ಅದು ಸಸ್ಯಾಹಾರ ಅಂತ ಅಷ್ಟೇ ಹೇಳೋದು, ಹಾಲಿನ ಪೇಡಾ ಮೇಲೂ ಅದೇ ಚುಕ್ಕೆ ಇರತ್ತೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಹಾಲು, ಮೊಟ್ಟೆ, ಶೇಂಗಾ, ಗೋಧಿ, ಸೋಯಾ ಇಂಥವು ಇದ್ರೆ ಪ್ಯಾಕೆಟ್ ಮೇಲೆ "ಕಂಟೇನ್ಸ್" ಅಂತ ಬರೀಬೇಕು, ಆ ಸಾಲನ್ನ ಓದಿ. ಕೇಕ್ ಮೇಲೆ ಹಾಕೋ ನಾನ್ ಡೈರಿ ಕ್ರೀಮಲ್ಲೂ ಕೆಲವೊಮ್ಮೆ ಸೋಡಿಯಂ ಕೇಸಿನೇಟ್ ಇರತ್ತೆ, ಅದು ಹಾಲಿನ ಪ್ರೋಟೀನೇ. ತುಪ್ಪಾನೂ ಬೇಡ. ಲ್ಯಾಕ್ಟೋಸ್ ಫ್ರೀ ಹಾಲೂ ಬೇಡ, ಅದು ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸೋರಿಗೆ, ಅಲರ್ಜಿ ಇರೋರಿಗಲ್ಲ.

ಕೇಕ್ ಮನೇಲೇ ಮಾಡಿ, ಕಷ್ಟ ಇಲ್ಲ. ಒಂದು ಕಪ್ ಮೈದಾ, ಅರ್ಧ ಕಪ್ ರಾಗಿ ಹಿಟ್ಟು, ಮುಕ್ಕಾಲು ಕಪ್ ಸಕ್ಕರೆ, 3 ದೊಡ್ಡ ಚಮಚ ಕೋಕೋ ಪುಡಿ, ಒಂದು ಚಿಕ್ಕ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಎಲ್ಲಾ ಜರಡಿ ಹಿಡಿದಿಟ್ಕೊಳ್ಳಿ. ಒಂದು ಕಪ್ ನೀರು, ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ ಸೂರ್ಯಕಾಂತಿ ಎಣ್ಣೆ ಹಾಕಿ ಕಲಸಿ, ಕೊನೇಲಿ ಒಂದು ದೊಡ್ಡ ಚಮಚ ವಿನೆಗರ್. ವಿನೆಗರ್ ಬಿದ್ದ ತಕ್ಷಣ ಸೋಡಾ ನೊರೆ ಏಳತ್ತೆ, ಕೇಕ್ ಉಬ್ಬೋದೇ ಅದರಿಂದ, ಹಾಗಾಗಿ ಜಾಸ್ತಿ ತಿರುವದೆ ಎಣ್ಣೆ ಸವರಿದ ಪಾತ್ರೆಗೆ ಸುರಿದು ಆಗಲೇ ಕಾದಿರೋ ಅವನ್‌ಗೆ ಇಟ್ಬಿಡಿ, 180 ಡಿಗ್ರೀಲಿ 30-35 ನಿಮಿಷ. ಇಪ್ಪತ್ತು ಮಕ್ಕಳಿಗೆ ಇಂಥವು ಎರಡು ಬೇಕಾಗತ್ತೆ. ಸಕ್ಕರೆ ಬದಲು ಬೆಲ್ಲ ಹಾಕಿದ್ರೆ ಹೆಲ್ದಿ ಅಂತ ತುಂಬಾ ಜನ ಅನ್ಕೊಂಡಿದಾರೆ, ಬೆಲ್ಲಾನೂ ಸಕ್ಕರೆಯೇ, ಕೇಕ್ ತುಂಡು ಚಿಕ್ಕದು ಮಾಡಿ ಅಷ್ಟೇ.

ತಿಂಡಿಗೆ ಪಡ್ಡು ಮಾಡಿ, ಬಿಸಿಬಿಸಿ ಇದ್ರೆ ಮಕ್ಕಳು ಕೈಲಿ ಹಿಡ್ಕೊಂಡು ತಿಂತಾವೆ, ಜೊತೆಗೆ ಕಾಯಿ ಚಟ್ನಿ, ಒಗ್ಗರಣೆಗೆ ಎಣ್ಣೆ. ಬಾಳೆಹಣ್ಣನ್ನ ಕಾಯಿಹಾಲು, ಸ್ವಲ್ಪ ಬೆಲ್ಲದ ಜೊತೆ ಕಲಸಿ ರಸಾಯನ ಮಾಡಿದ್ರೆ ಐಸ್‌ಕ್ರೀಮ್ ಯಾರೂ ಕೇಳಲ್ಲ, ಆದ್ರೆ ಕಾಯಿ ಆಗತ್ತಾ ಅಂತ ಇಬ್ಬರಮ್ಮಂದಿರನ್ನೂ ಮೊದಲೇ ಕೇಳಿ. ಕಲ್ಲಂಗಡಿ ಹೋಳು ಇಡಿ. ಕೋಲಾ ಬೇಡ ಅನ್ನೋದು ಸರಿ, ಒಂದು ದೊಡ್ಡ ಲೋಟದಲ್ಲಿ ಹತ್ತಿರಹತ್ತಿರ ಆರು ಟೀ ಚಮಚ ಸಕ್ಕರೆ ಇರತ್ತೆ, ನಿಂಬೆ ಪಾನಕ ತೆಳುವಾಗಿ ಮಾಡಿಡಿ.

ಮಂಡಕ್ಕಿ ಇಲ್ದೆ ನಿಮ್ಮೂರಲ್ಲಿ ಫಂಕ್ಷನ್ ಆಗಲ್ಲ ಅಂತ ಗೊತ್ತು, ಮಾಡಿ, ಶೇಂಗಾ ಮಾತ್ರ ಹಾಕ್ಬೇಡಿ. ಪುಟಾಣಿ (ಹುರಿಗಡಲೆ) ಹಾಕೋದಾದ್ರೆ ಸೀಲ್ ಆಗಿರೋ ಪ್ಯಾಕೆಟ್ ತನ್ನಿ, ಯಾಕಂದ್ರೆ ಬಿಡಿ ಮಾರೋ ಕಡೆ ಶೇಂಗಾ ಮೂಟೆಗೆ ಹಾಕಿದ ಸೇರನ್ನೇ ಪುಟಾಣಿಗೂ ಹಾಕ್ತಾರೆ. ಎಣ್ಣೆ ವಿಷಯಾನೂ ನೋಡ್ಕೊಳ್ಳಿ, ಗಾಣದ ಶೇಂಗಾ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನ್ ಉಳಿದಿರತ್ತೆ, ಅವತ್ತಿನ ಮಟ್ಟಿಗೆ ಅದು ಅಡುಗೆಮನೇಲಿ ಬೇಡ. ಚಟ್ನಿಪುಡಿ ಮಾಡಿದ ಮಿಕ್ಸಿ ಜಾರು, ಒಗ್ಗರಣೆ ಸೌಟು ಸೋಪಲ್ಲಿ ಉಜ್ಜಿ ತೊಳೀರಿ. ಮಕ್ಕಳ ಕೈಗೂ ಸೋಪು ನೀರೇ ಬೇಕು, ಸ್ಯಾನಿಟೈಸರಿಗೆ ಶೇಂಗಾ ಅಂಶ ಹೋಗಲ್ಲ.

ನಿಮ್ಮತ್ತೆಯವರಿಗೆ ಜಗಳ ಮಾಡದೆ ಹೇಳಿ: ಇದು ಅಜೀರ್ಣ ಅಲ್ಲ ಅತ್ತೆ, ಮಗುವಿನ ಮೈ ಆ ಆಹಾರಾನ ಶತ್ರು ಅಂತ ತಿಳ್ಕೊಂಡು ತಿರುಗಿ ಬೀಳತ್ತೆ, ಅದಕ್ಕೆ ಒಂದು ಚೂರೇ ಸಾಕಾಗ್ಬೋದು. ಅವರಿಗೇ ಬಾಗಿಲಲ್ಲಿ ಒಂದು ಜವಾಬ್ದಾರಿ ಕೊಡಿ, ಬಂದೋರು ತಂದ ಚಾಕೊಲೇಟು, ಸ್ವೀಟು ಇಸ್ಕೊಂಡು ಎತ್ತಿಡೋದು. ಹಿರಿಯರು ಒಂದ್ಸಲ ಒಪ್ಕೊಂಡ್ರೆ ಅವರಷ್ಟು ಕಟ್ಟುನಿಟ್ಟು ಯಾರೂ ಇರಲ್ಲ.

ತುಟಿ, ಮುಖ ಊದಿಕೊಂಡ್ರೆ, ಮೈಮೇಲೆ ದದ್ದು ಎದ್ದು ಜೊತೆಗೆ ವಾಂತಿ, ಕೆಮ್ಮು, ಏದುಸಿರು ಏನಾದ್ರೂ ಶುರುವಾದ್ರೆ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಅಂಥ ಹೊತ್ತಲ್ಲಿ ಬೇಕಾಗೋದು ಅಡ್ರಿನಲಿನ್ ಇಂಜೆಕ್ಷನ್, ಅಲರ್ಜಿಗೆ ಕೊಡೋ ಸಿಟ್ರಿಜಿನ್ ಸಿರಪ್ ತುರಿಕೆ ಕಮ್ಮಿ ಮಾಡ್ಬೋದೇ ಹೊರತು ಉಸಿರಾಟ ಸರಿ ಮಾಡಲ್ಲ. ಮಗುವಿಗೆ ಡಾಕ್ಟ್ರು ಏನು ಬರೆದುಕೊಟ್ಟಿದಾರೆ, ಯಾವ ಹೊತ್ತಲ್ಲಿ ಕೊಡ್ಬೇಕು ಅಂತ ಅವರಮ್ಮನಿಂದ ಮೊದಲೇ ಕೇಳಿ ತಿಳ್ಕೊಳ್ಳಿ, ಔಷಧಿ ಬ್ಯಾಗು ಕೈಗೆ ಸಿಗೋ ಕಡೆ ಇರ್ಲಿ.

ಇನ್ನು ಡಬ್ಬಿ ವಿಷಯ. ತನ್ನಿ ಅಂತ ನೀವಾಗಿ ಹೇಳ್ಬೇಡಿ. ಒಂದು ವಾರ ಮುಂಚೆ ಇಬ್ಬರಿಗೂ ಫೋನ್ ಮಾಡಿ ಮೆನು ಓದಿ ಹೇಳಿ, ಪ್ಯಾಕೆಟ್ ಸಾಮಾನಿದ್ರೆ ಅದರ ಹಿಂಬದಿ ಫೋಟೋ ವಾಟ್ಸಾಪಲ್ಲಿ ಕಳ್ಸಿ. ಅಷ್ಟಾದ್ಮೇಲೂ ಅವರು ಡಬ್ಬಿ ತಂದ್ರೆ ಬೇಜಾರು ಮಾಡ್ಕೋಬೇಡಿ, ಮಗುವನ್ನ ಆಸ್ಪತ್ರೆಗೆ ಎತ್ಕೊಂಡು ಓಡಿದ ತಾಯಿಗೆ ಬೇರೆಯವರ ಅಡುಗೆಮನೆ ನಂಬೋಕೆ ಟೈಮ್ ಹಿಡಿಯತ್ತೆ, ಆ ಡಬ್ಬೀಲಿರೋದನ್ನೂ ನೀವು ಮಾಡಿದ ತಟ್ಟೇಲೇ ಹಾಕ್ಕೊಡಿ.